ಗೋಡೆಯೊಳಗಿನ ನೀರು: ಹವಾನಿಯಂತ್ರಣದ ಚರಿತ್ರೆಯಿಂದ ಕಲಿಯಬೇಕಾದುದು



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹಗಳ ಕುರಿತು ನಾಲ್ಕು ಮಾತು ಕೇಳಬೇಕಾದೀತೆಂದು ತಾವು ಸಿದ್ಧರಾಗಿಯೇ ಬಂದಿರಬಹುದು. ಈ ಸಂಜೆ ಅವುಗಳನ್ನು ಬದಿಗಿರಿಸಿ, ಹವಾನಿಯಂತ್ರಣ ಯಂತ್ರದ ಚರಿತ್ರೆಯನ್ನೂ, ಅದರ ಕೊಳವೆಗಳನ್ನು ಮನೆಯ ಗೋಡೆಯೊಳಗೆ ಅಡಗಿಸುವಾಗ ಯೋಚಿಸಬೇಕಾದ ಸಂಗತಿಗಳನ್ನೂ ತಮ್ಮ ಮುಂದಿಡಲು ಬಯಸುತ್ತೇವೆ. ಇದು ಎಂಜಿನಿಯರುಗಳ ವಿಷಯವಲ್ಲವೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಈ ಯಂತ್ರದ ವಂಶಾವಳಿಯ ಆರಂಭದಲ್ಲಿ ನಿಂತಿರುವಾತ ಒಬ್ಬ ವೈದ್ಯ. ಯಂತ್ರದ ಕೊಳವೆಗಳನ್ನು ಅಲಕ್ಷಿಸಿದಾಗ ಕೊನೆಗೆ ರೋಗಿ ಬಂದು ನಿಲ್ಲುವುದೂ ವೈದ್ಯನ ಬಾಗಿಲಲ್ಲೇ.

ಇನ್ನೂ ಒಂದು ಕಾರಣವಿದೆ. ನಮ್ಮಲ್ಲಿ ಅನೇಕರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಅದರಲ್ಲಿ ವಾಸಿಸುವವರು ವಯಸ್ಸಾದ ತಂದೆತಾಯಿಗಳು. ನಿರ್ಧಾರ ಮಾಡುವವರು ಸಾವಿರಾರು ಮೈಲಿ ದೂರದಲ್ಲಿರುವ ನಾವು. ಗೋಡೆಗೆ ಗಾರೆ ಬಿದ್ದ ಮೇಲೆ ಅದರೊಳಗೆ ಏನಿದೆಯೆಂದು ಅಲ್ಲಿರುವವರಿಗೂ ಕಾಣದು, ಇಲ್ಲಿರುವ ನಮಗೂ ಕಾಣದು. ಆದುದರಿಂದ ಗಾರೆ ಬೀಳುವ ಮುನ್ನ ಕೆಲವು ಮಾತುಗಳನ್ನು ಆಡಿಕೊಳ್ಳುವುದು ಒಳ್ಳೆಯದು.

ಹಿಮಯಂತ್ರ ಮಾಡಿದ ವೈದ್ಯ

ಜಾನ್ ಗೋರಿ 1833ರಲ್ಲಿ ಫ್ಲಾರಿಡಾದ ಕಡಲಂಚಿನ ಅಪಲಾಚಿಕೋಲ ಎಂಬ ಪುಟ್ಟ ಬಂದರಿಗೆ ಬಂದು ನೆಲೆಸಿದ ವೈದ್ಯ. ಹತ್ತಿಯ ವ್ಯಾಪಾರದಿಂದ ಬೆಳೆಯುತ್ತಿದ್ದ ಆ ಊರು ಬೇಸಿಗೆ ಬಂತೆಂದರೆ ಮಲೇರಿಯಾ ಮತ್ತು ಹಳದಿ ಜ್ವರಗಳಿಗೆ ತುತ್ತಾಗುತ್ತಿತ್ತು. ಜೌಗುನೆಲದಿಂದ ಏಳುವ ಕೆಟ್ಟ ಗಾಳಿಯೇ ಈ ಜ್ವರಗಳ ಮೂಲವೆಂದು ಆ ಕಾಲದ ವೈದ್ಯಶಾಸ್ತ್ರ ನಂಬಿತ್ತು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಚಳಿಗಾಲದಲ್ಲಿ ಜ್ವರ ತಗ್ಗುವುದನ್ನು ಕಂಡ ಗೋರಿ, ರೋಗಿಯ ಕೋಣೆಯನ್ನೇ ತಂಪಾಗಿಸಿದರೆ ಹೇಗೆಂದು ಯೋಚಿಸಿದ. ಕೋಣೆಯ ಮಾಡಿಗೆ ಮಂಜುಗಡ್ಡೆಯ ಪಾತ್ರೆಯನ್ನು ತೂಗುಹಾಕಿದ. ಅದರ ಮೇಲೆ ಹಾದ ಗಾಳಿ ತಂಪಾಗಿ, ಭಾರವಾಗಿ ರೋಗಿಯ ಕಡೆಗೆ ಇಳಿಯಿತು.

ಮಂಜುಗಡ್ಡೆ ಉತ್ತರದ ಸರೋವರಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಹಡಗು ಬಾರದಿದ್ದರೆ ಚಿಕಿತ್ಸೆಯೂ ಇಲ್ಲ. ಆದುದರಿಂದ ಗಾಳಿಯನ್ನು ಒತ್ತಿ, ಮತ್ತೆ ಹಿಗ್ಗಲು ಬಿಟ್ಟು, ಆ ಹಿಗ್ಗುವಿಕೆಯಿಂದ ನೀರನ್ನು ಹೆಪ್ಪುಗಟ್ಟಿಸುವ ಯಂತ್ರವನ್ನು ಆತ ನಿರ್ಮಿಸಿದ. 1844ರಲ್ಲಿ ಊರಿನ ಪತ್ರಿಕೆಗೆ ಈ ವಿಷಯದ ಲೇಖನಗಳನ್ನು 'ಜೆನ್ನರ್' ಎಂಬ ಹೆಸರಿನಲ್ಲಿ ಬರೆದ. ಸಿಡುಬಿನ ಚುಚ್ಚುಮದ್ದು ಕಂಡುಹಿಡಿದ ಜೆನ್ನರನ ನೆನಪು ಅದರಲ್ಲಿದೆ. 1851ರ ಮೇ 6ರಂದು ಅಮೆರಿಕದ ಪೇಟೆಂಟ್ ದೊರೆಯಿತು, ಅದರ ಸಂಖ್ಯೆ 8080. ಬಂಡವಾಳ ಮಾತ್ರ ದೊರೆಯಲಿಲ್ಲ. 1855ರಲ್ಲಿ ಗೋರಿ ಕಷ್ಟದಲ್ಲಿಯೇ ತೀರಿಕೊಂಡ. ಇಂದು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಫ್ಲಾರಿಡಾ ರಾಜ್ಯ ನಿಲ್ಲಿಸಿರುವ ಪ್ರತಿಮೆಗಳಲ್ಲಿ ಒಂದು ಆತನದು.

ಆತನ ಹಿಮದ ನೆನಪು ನಮ್ಮ ದಿನನಿತ್ಯದ ಮಾತಿನಲ್ಲಿಯೂ ಉಳಿದಿದೆ. 'ಒಂದೂವರೆ ಟನ್ನಿನ ಎ.ಸಿ.' ಎನ್ನುತ್ತೇವಲ್ಲ, ಆ ಟನ್ ಯಂತ್ರದ ತೂಕವಲ್ಲ; 24 ಗಂಟೆಗಳಲ್ಲಿ 2000 ಪೌಂಡ್ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವ ಶಾಖದ ಅಳತೆ.

ಗೋರಿ ರೋಗದ ಕಾರಣವನ್ನು ಗಾಳಿಯಲ್ಲಿ ಹುಡುಕಿದ. ಆದರೆ ಸುತ್ತಲಿನ ಜೌಗುನೆಲದ ನೀರನ್ನು ಹರಿಸಿಬಿಡಬೇಕೆಂದೂ ಊರಿನವರಿಗೆ ಹೇಳುತ್ತಿದ್ದ. ಆತನ ಎರಡು ಸಲಹೆಗಳಲ್ಲಿ ಈ ಎರಡನೆಯದೇ ರೋಗದ ಬೇರಿಗೆ ಹತ್ತಿರವಾಗಿತ್ತು.

ಬೆಂಗಳೂರಿನ ಬಂಗಲೆಯ ತೊಟ್ಟಿ

ಆ ಬೇರು ಕಂಡ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯ ಬೆಂಗಳೂರಿನ ದಂಡಿಗೆ ನಿಯುಕ್ತನಾಗಿ ಬಂದ. ಆತನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ಒದ್ದಾಡುತ್ತಿರುವುದನ್ನು ಕಂಡು ಅದನ್ನು ಬೋರಲು ಹಾಕಿಸಿದ, ಕಾಟ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯಲ್ಲಿ ಮೇಜಿನ ಕಾಲುಗಳ ಕೆಳಗಿನ ಡಬ್ಬಿಗಳಲ್ಲಿಯೂ ಹೂದಾನಿಗಳಲ್ಲಿಯೂ ಇದೇ ಹುಳುಗಳಿದ್ದವು. ಅವನ್ನೂ ಚೆಲ್ಲಿಸೋಣವೆಂದರೆ, ಸೃಷ್ಟಿಯ ಕ್ರಮದಲ್ಲಿ ಕೈಯಾಡಿಸಬಾರದೆಂದು ಅಲ್ಲಿನ ಅಧಿಕಾರಿ ಒಪ್ಪಲಿಲ್ಲವೆಂದು ರಾಸ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇದಾಗಿ ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಆತ ಕಂಡ. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹವಾನಿಯಂತ್ರಣದ ಚರಿತ್ರೆಗೂ ಈ ತೊಟ್ಟಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕೋಣೆಯನ್ನು ತಂಪು ಮಾಡುವ ಯಂತ್ರ ಕೋಣೆಯಲ್ಲಿ ನೀರನ್ನೂ ಉತ್ಪತ್ತಿ ಮಾಡುತ್ತದೆ. ಆ ನೀರು ನಿಲ್ಲುವಂತಾದರೆ ರಾಸ್ ಬೋರಲು ಹಾಕಿದ ತೊಟ್ಟಿಯನ್ನು ನಾವೇ ಮತ್ತೆ ನಿಲ್ಲಿಸಿದಂತಾಗುತ್ತದೆ. ಯಂತ್ರದಿಂದ ನೀರು ಬರುವುದೇಕೆಂಬುದನ್ನು ತಿಳಿಯಲು ಒಂದು ಮುದ್ರಣಾಲಯಕ್ಕೆ ಹೋಗಬೇಕು.

ಮುದ್ರಣಾಲಯದ ತೇವ

ರಾಸ್‌ಗೆ ನೊಬೆಲ್ ಬಂದ ವರ್ಷವೇ ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಮುದ್ರಣ ಸಂಸ್ಥೆಗೆ ಒಂದು ತೊಡಕು ಎದುರಾಗಿತ್ತು. ಬಣ್ಣದ ಚಿತ್ರಗಳನ್ನು ಒಂದರ ಮೇಲೊಂದು ಬಣ್ಣ ಬಳಿದು ಮುದ್ರಿಸಬೇಕು. ಬೇಸಿಗೆಯ ತೇವದಲ್ಲಿ ಕಾಗದ ಹಿಗ್ಗಿ ಕುಗ್ಗಿ, ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಬಫೆಲೊ ಫೋರ್ಜ್ ಕಂಪನಿಯ 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರನಿಗೆ ಈ ಸಮಸ್ಯೆ ಒಪ್ಪಿಸಲಾಯಿತು. 1902ರ ಜುಲೈ 17 ಆತನ ನಕ್ಷೆಯ ಮೇಲಿರುವ ದಿನಾಂಕ. ತಣ್ಣನೆಯ ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿದರೆ ಅದರೊಳಗಿನ ನೀರಾವಿ ಸುರುಳಿಯ ಮೇಲೆ ಹನಿಗಟ್ಟಿ ಇಳಿಯುತ್ತದೆ, ಗಾಳಿ ಒಣಗುತ್ತದೆ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆಧುನಿಕ ಹವಾನಿಯಂತ್ರಣ ಹುಟ್ಟಿದ್ದು ಮನುಷ್ಯನನ್ನು ತಂಪಾಗಿಸಲೆಂದಲ್ಲ, ಕಾಗದವನ್ನು ಒಣದಾಗಿ ಇರಿಸಲೆಂದು. ಅದು ಮೊದಲಿಗೆ ನೀರು ತೆಗೆಯುವ ಯಂತ್ರ. 1906ರಲ್ಲಿ ಕ್ಯಾರಿಯರನಿಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ಉತ್ತರ ಕರೋಲಿನಾದ ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ 'ಏರ್ ಕಂಡೀಷನಿಂಗ್' ಎಂಬ ಮಾತನ್ನು ಬಳಕೆಗೆ ತಂದ. 1911ರಲ್ಲಿ ಕ್ಯಾರಿಯರ್ ಗಾಳಿಯ ಉಷ್ಣತೆ, ತೇವಾಂಶ ಮತ್ತು ಇಬ್ಬನಿ ಬಿಂದುಗಳ ಸಂಬಂಧವನ್ನು ಸೂತ್ರಗಳಲ್ಲಿ ಕಟ್ಟಿಕೊಟ್ಟ.

ಈ ಸೂತ್ರಗಳನ್ನು ನಮ್ಮ ಕರಾವಳಿಯ ಒಂದು ಮಲಗುವ ಕೋಣೆಗೆ ಅನ್ವಯಿಸಿ ನೋಡೋಣ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 80 ತೇವಾಂಶವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅದನ್ನು 24 ಡಿಗ್ರಿಗೆ ಇಳಿಸಿ ತೇವಾಂಶವನ್ನು ಶೇಕಡ 50ಕ್ಕೆ ತಂದರೆ ಉಳಿಯುವುದು ಸುಮಾರು 11 ಗ್ರಾಂ. ಮಿಕ್ಕ 13 ಗ್ರಾಂ ನೀರಾಗಿ ಇಳಿಯಲೇಬೇಕು. 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಗೆ ಲೆಕ್ಕ ಹಾಕಿದರೆ ಅರ್ಧ ಲೀಟರಿಗೂ ಮಿಕ್ಕಿದ ನೀರು. ಇದು ಒಂದು ಸಲದ ಗಾಳಿಯ ಲೆಕ್ಕ ಮಾತ್ರ. ಬಾಗಿಲ ಸಂದಿಯಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ, ಮಲಗಿದವರ ಉಸಿರೂ ಬೆವರೂ ಅದಕ್ಕೆ ಸೇರುತ್ತಲೇ ಇರುತ್ತವೆ. ಮಳೆಗಾಲಕ್ಕೆ ಮುಂಚಿನ ಸೆಕೆಯಲ್ಲಿ ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದು ಲೀಟರಿನಷ್ಟು ನೀರಿಳಿಸುವುದು ಅಸಾಧಾರಣವಲ್ಲ. ರಾತ್ರಿ ಬೆಳಗಾಗುವುದರೊಳಗೆ ಒಂದು ಬಿಂದಿಗೆ ತುಂಬುತ್ತದೆ.

ಯಂತ್ರ ಎರಡಾದಾಗ

1930ರ ದಶಕದಲ್ಲಿ ಬಂದ ಕಿಟಕಿಯ ಯಂತ್ರಕ್ಕೆ ಈ ನೀರು ದೊಡ್ಡ ತೊಂದರೆಯಾಗಲಿಲ್ಲ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯನ್ನು ಹೊರಮುಖವಾಗಿ ತುಸು ಬಾಗಿಸಿ ಕೂರಿಸಿದರೆ ನೀರು ತಾನಾಗಿ ಹಿಂದಕ್ಕೆ ಹರಿದು ಬೀದಿಗೆ ತೊಟ್ಟಿಕ್ಕುತ್ತಿತ್ತು. ದಾರಿಹೋಕರು ಬೈಯುತ್ತಿದ್ದರು, ಅಷ್ಟೆ.

1961ರಲ್ಲಿ ಜಪಾನಿನ ತೋಷಿಬಾ ಕಂಪನಿ ಯಂತ್ರವನ್ನು ಎರಡು ಭಾಗ ಮಾಡಿತು. ಸದ್ದು ಮಾಡುವ ಭಾಗ ಹೊರಗೆ, ತಂಪು ಮಾಡುವ ಭಾಗ ಒಳಗೆ. ಅದೇ ದಶಕದಲ್ಲಿ ಒಳಭಾಗ ಗೋಡೆಯ ಮೇಲೇರಿತು. ಮನೆಗೆ ನೆಮ್ಮದಿಯ ನಿದ್ರೆ ಬಂತು, ನಿಜ. ಆದರೆ ಅದರೊಂದಿಗೆ ನೀರು ಹುಟ್ಟುವ ಜಾಗ ಹೊರಗೋಡೆಯಿಂದ ಬಿಡುಗಡೆ ಹೊಂದಿ ಮನೆಯ ನಟ್ಟನಡುವೆಯೂ ಬಂದು ಕೂತಿತು. ಈಗ ಎರಡು ತಾಮ್ರದ ಕೊಳವೆಗಳು, ಒಂದು ವಿದ್ಯುತ್ ತಂತಿ, ಒಂದು ನೀರಿನ ಕೊಳವೆ ಗೋಡೆಯುದ್ದಕ್ಕೂ ಸಾಗಬೇಕು. ಕಣ್ಣಿಗೆ ಕಂಡರೆ ಅಂದಗೆಡುತ್ತದೆಂದು ಅವನ್ನು ಗೋಡೆಯೊಳಕ್ಕೂ ಫಾಲ್ಸ್ ಸೀಲಿಂಗಿನ ಮೇಲಕ್ಕೂ ಸೇರಿಸುವ ರೂಢಿ ಬೆಳೆಯಿತು. ಈ ನಾಲ್ಕರಲ್ಲಿ ಮೂರಕ್ಕೆ ಒತ್ತಡದ ಬಲವುಂಟು, ವಿದ್ಯುತ್ತಿನ ಬಲವುಂಟು. ಹೇಗೆ ತಿರುಗಿಸಿದರೂ ಕೆಲಸ ನಡೆಯುತ್ತದೆ. ನೀರಿನ ಕೊಳವೆಗೆ ಮಾತ್ರ ಭೂಮಿಯ ಸೆಳೆತವಲ್ಲದೆ ಬೇರೆ ಬಲವಿಲ್ಲ.

ಅಡಗಿದ ನೀರಿನ ರೋಗಗಳು

ಅಡಗಿದ ನೀರು ಏನು ಮಾಡಬಲ್ಲದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಸಾಕ್ಷಿಯುಂಟು. 1970ರಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯೊಂದರಲ್ಲಿ ಒಂದು ಕಚೇರಿಯ ಕೆಲವು ನೌಕರರ ವರದಿ ಪ್ರಕಟವಾಯಿತು. ಅವರಿಗೆ ಜ್ವರ, ಕೆಮ್ಮು, ಉಬ್ಬಸ. ಹವಾನಿಯಂತ್ರಣ ವ್ಯವಸ್ಥೆಯಲ್ಲಿ ಬೆಳೆದಿದ್ದ ಸೂಕ್ಷ್ಮಜೀವಿಗಳನ್ನು ಉಸಿರಾಡಿ ಅವರ ಶ್ವಾಸಕೋಶಗಳು ಕೆರಳಿದ್ದವು. ರೈತರಿಗೆ ಬೂಸಲು ಹುಲ್ಲಿನಿಂದ ಬರುವ ಕಾಯಿಲೆ ಪಟ್ಟಣದ ಕಚೇರಿಗೆ ಬಂದಿತ್ತು.

ಆರು ವರ್ಷಗಳ ನಂತರ, 1976ರ ಜುಲೈಯಲ್ಲಿ, ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಸಮಾವೇಶಕ್ಕೆ ಬಂದವರೂ ಹೋಟೆಲಿನ ಆಸುಪಾಸಿನಲ್ಲಿದ್ದವರೂ ಸೇರಿ 221 ಜನ ತೀವ್ರ ನ್ಯುಮೋನಿಯಾಕ್ಕೆ ಒಳಗಾದರು. 34 ಜನ ತೀರಿಕೊಂಡರು. ಅದುವರೆಗೆ ಹೆಸರೇ ಇಲ್ಲದಿದ್ದ ರೋಗಾಣುವೊಂದು ಇದರ ಕಾರಣವೆಂದು 1977ರ ಜನವರಿಯಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ತೋರಿಸಿಕೊಟ್ಟರು. ಅದಕ್ಕೆ ಲೀಜನೆಲ್ಲಾ ಎಂದು ಹೆಸರಾಯಿತು. ಹೋಟೆಲಿನ ಹವಾನಿಯಂತ್ರಣದ ಕೂಲಿಂಗ್ ಟವರಿನ ನೀರಿನಿಂದ ಅದು ಹರಡಿತೆಂದು ಸಾಮಾನ್ಯವಾಗಿ ನಂಬಲಾಗಿದೆ.

ಇಲ್ಲಿ ಯಾರೂ ಗಾಬರಿಯಾಗಬೇಕಾಗಿಲ್ಲ. ಮನೆಯ ಸಣ್ಣ ಯಂತ್ರಕ್ಕೆ ಅಂತಹ ಟವರ್ ಇಲ್ಲ. ಫಿಲಡೆಲ್ಫಿಯಾದ ರೋಗ ಅದರಿಂದ ಬರುವುದೆಂದು ಹೇಳುವುದು ತಪ್ಪಾಗುತ್ತದೆ. ಮನೆಯ ಅಪಾಯಗಳು ಚಿಕ್ಕವು, ಆದರೆ ಹತ್ತಿರದವು. ಒದ್ದೆಯಾದ ಗಾರೆ, ಮರ, ಜಿಪ್ಸಂ ಹಲಗೆಗಳನ್ನು ಒಂದೆರಡು ದಿನಗಳೊಳಗೆ ಒಣಗಿಸದಿದ್ದರೆ ಬೂಸು ಹಿಡಿಯತೊಡಗುತ್ತದೆ. ಉಬ್ಬಸವಿರುವ ತಾಯಿಗೆ, ಮೊಮ್ಮಗುವಿಗೆ ಅದೇ ಸಾಕು. ಇನ್ನು ಹೊರಗೆ ತೊಟ್ಟಿಕ್ಕುವ ನೀರಿಗೆಂದು ಇಟ್ಟ ಬಕೆಟ್ಟಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟರೆ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ರೆಕ್ಕೆ ಬಂದ ಸೊಳ್ಳೆ ಸಿದ್ಧ. ಈ ಸೊಳ್ಳೆಗೆ ಚರಂಡಿ ಬೇಕಿಲ್ಲ, ಮನೆಯ ಪಕ್ಕದ ತಿಳಿನೀರೇ ಇಷ್ಟ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಮನೆಯವರಿಗೆ ದಂಡ ವಿಧಿಸುವ ನಿಯಮ ತಂದಿತು. ರಾಸ್‌ಗೆ ಸಿಗದ ಅನುಮತಿ ನೂರನಲವತ್ತು ವರ್ಷಗಳ ಮೇಲೆ ಕಾನೂನಾಯಿತೆನ್ನಬೇಕು.

ವಿಜಯಪುರದ ಗಂಜ್‌ಗಳು

ಕೊಳವೆಗಳನ್ನು ಅಡಗಿಸುವುದೇ ತಪ್ಪೆಂದು ನಾವು ವಾದಿಸುತ್ತಿಲ್ಲ. ನಮ್ಮ ನಾಡಿನಲ್ಲಿಯೇ ಅದನ್ನು ಬಲ್ಲವರಿದ್ದರು. ಆದಿಲಶಾಹಿ ಅರಸರು ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ವಿಜಯಪುರ ನಗರಕ್ಕೆ ನೆಲದಡಿಯಲ್ಲಿ ನೀರು ತಂದರು. ಮಣ್ಣಿನ ಕೊಳವೆಗಳನ್ನು ಗಾರೆಯ ಕಟ್ಟಡದೊಳಗೆ ಹುದುಗಿಸಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ 'ಗಂಜ್' ಎಂದು ಕರೆಯುವ ಗೋಪುರಗಳನ್ನು ನಿಲ್ಲಿಸಿದರು. ಅಲ್ಲಿ ನೀರಿನ ಒತ್ತಡ ಇಳಿಯುತ್ತಿತ್ತು, ಕಸ ತಳಕ್ಕೆ ಕೂರುತ್ತಿತ್ತು. ಇಂದಿಗೂ ವಿಜಯಪುರದಲ್ಲಿ ಕೆಲವು ಗಂಜ್‌ಗಳು ನಿಂತಿವೆ. ಕೊಳವೆಯನ್ನು ಹೂಳಿದವರು ಅದನ್ನು ತಲುಪುವ ಜಾಗಗಳನ್ನೂ ಜೊತೆಯಲ್ಲಿಯೇ ಕಟ್ಟಿದ್ದರು. ನಮ್ಮ ಮನೆಗಳಲ್ಲಿ ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಿದ್ದೇವೆ.

ಗಾರೆ ಬೀಳುವ ಮುನ್ನ

ಏಕೆ ಬಿಡುತ್ತೇವೆ? ಮನೆ ಕಟ್ಟುವ ಕ್ರಮವನ್ನು ನೋಡಿ. ಗೋಡೆ ಕೊರೆಯುವವನು ಎಲೆಕ್ಟ್ರಿಷಿಯನ್, ನೀರಿನ ಪೈಪು ಹಾಕುವವನು ಪ್ಲಂಬರ್, ಗಾರೆ ಬಳಿಯುವವನು ಮೇಸ್ತ್ರಿ. ಯಂತ್ರ ಕೂರಿಸುವವನು ಗೃಹಪ್ರವೇಶದ ಹೊತ್ತಿಗೆ ಬರುತ್ತಾನೆ. ಎ.ಸಿ.ಯ ನೀರಿನ ಕೊಳವೆ ಇವರಲ್ಲಿ ಯಾರ ಹೊಣೆಯೂ ಅಲ್ಲ. ಆದುದರಿಂದ ಅದು ಮನೆಯೊಡೆಯನ ಹೊಣೆಯಾಗಬೇಕು.

ಮೊದಲನೆಯದಾಗಿ, ನೀರು ಎಲ್ಲಿ ಹೊರಬೀಳುವುದೆಂದು ನಿಶ್ಚಯಿಸಿ, ಬಳಿಕ ಯಂತ್ರದ ಜಾಗ ನಿಶ್ಚಯಿಸಿರಿ, ಆಮೇಲೆ ಮಂಚದ ಜಾಗ. ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗಿರುತ್ತದೆ. ಹೊರಗೋಡೆಯ ಮೇಲೆ ಯಂತ್ರವಿದ್ದರೆ ಅರ್ಧ ತೊಂದರೆ ಅಲ್ಲಿಯೇ ಮುಗಿಯಿತು. ಕಂಬ, ತೊಲೆಗಳನ್ನು ಕೊಳವೆಗಾಗಿ ಎಂದಿಗೂ ಕೊರೆಯಬಾರದು.

ಎರಡನೆಯದು ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ 'ವಾಟ'. ಅಮೆರಿಕದ ಕಟ್ಟಡ ನಿಯಮಗಳು ಅಡಿಗೆ ಒಂದು ಅಂಗುಲದ ಎಂಟನೆಯ ಒಂದು ಭಾಗವಾದರೂ ಇಳಿಯಬೇಕೆನ್ನುತ್ತವೆ. ಮೀಟರಿಗೆ ಒಂದು ಸೆಂಟಿಮೀಟರ್ ಎಂದುಕೊಳ್ಳೋಣ. ಆರು ಮೀಟರ್ ದೂರಕ್ಕೆ ಆರು ಸೆಂಟಿಮೀಟರ್. ಇದಕ್ಕಿಂತ ಹೆಚ್ಚಾದರೆ ಒಳ್ಳೆಯದೇ. ನಡುವೆ ಎಲ್ಲಿಯೂ ಜೋತುಬೀಳಬಾರದು, ಮೇಲೇರಲೂ ಬಾರದು. ಒಳವ್ಯಾಸ ಮುಕ್ಕಾಲು ಅಂಗುಲಕ್ಕೆ ಕಡಿಮೆಯಿರದ ಗಟ್ಟಿ ಪೈಪು ಬೇಕು. ಸುಕ್ಕುಸುಕ್ಕಾದ ಮೆತು ಕೊಳವೆ ಗೋಡೆಯೊಳಗೆ ಸಲ್ಲದು. ಅದರಲ್ಲಿ ಹರಿಯುವುದು ತಣ್ಣೀರಾದ್ದರಿಂದ ಕೊಳವೆಯ ಮೈ ಬೆವರಿ ಗೋಡೆ ನೆನೆಯದಂತೆ ಅದಕ್ಕೂ ರಬ್ಬರಿನ ಹೊದಿಕೆ ಇರಲಿ. ಎರಡು ತಾಮ್ರದ ಕೊಳವೆಗಳಿಗೂ ಬೇರೆಬೇರೆ ಹೊದಿಕೆ ಬೇಕು, ಗೋಡೆಯೊಳಗೆ ಬೆಸುಗೆ ಇರಬಾರದು, ತುದಿಗಳನ್ನು ಧೂಳು ಹೋಗದಂತೆ ಮುಚ್ಚಿರಬೇಕು.

ಮೂರನೆಯದು, ಹೊರತುದಿ. ಅದನ್ನು ಬಚ್ಚಲಿನ ಅಥವಾ ಶೌಚದ ಪೈಪಿಗೆ ನೇರವಾಗಿ ಸೇರಿಸಿದರೆ, ಯಂತ್ರ ನಡೆಸದ ತಿಂಗಳುಗಳಲ್ಲಿ ಅದೇ ದಾರಿಯಿಂದ ದುರ್ವಾಸನೆ ಮಲಗುವ ಕೋಣೆಗೆ ಬರುತ್ತದೆ. ಕಣ್ಣಿಗೆ ಕಾಣುವಂತೆ ತೆರೆದ ಜಾಲರಿಯ ಮೇಲೆಯೋ ಗಿಡದ ಬುಡಕ್ಕೋ ಬೀಳಲಿ. ನೀರು ನಿಲ್ಲುವ ಪಾತ್ರೆ ಬೇಡ. ಬೀಳುತ್ತಿರುವ ನೀರೇ ಎಲ್ಲವೂ ಸರಿಯಿದೆಯೆಂಬ ಗುರುತು. ಯಂತ್ರ ನಡೆಯುತ್ತಿದ್ದು ಸೆಕೆಯ ದಿನದಲ್ಲೂ ನೀರು ಬೀಳದಿದ್ದರೆ ಅದು ಬೇರೆಲ್ಲಿಯೋ ಇಳಿಯುತ್ತಿದೆಯೆಂದು ತಿಳಿಯಬೇಕು.

ನಾಲ್ಕನೆಯದು ಪರೀಕ್ಷೆ. ಗಾರೆಗೆ ಮುನ್ನ ಒಂದು ತುದಿಯಿಂದ ಎರಡು ಲೀಟರ್ ನೀರು ಸುರಿದು ಇನ್ನೊಂದು ತುದಿಯಲ್ಲಿ ಹಿಡಿದು ಅಳೆಯಿರಿ. ಗಾರೆಯಾದ ಮೇಲೊಮ್ಮೆ, ಫಾಲ್ಸ್ ಸೀಲಿಂಗ್ ಮುಗಿದ ಮೇಲೊಮ್ಮೆ ಇದೇ ಪರೀಕ್ಷೆ ನಡೆಯಲಿ. ತಾಮ್ರದ ಕೊಳವೆಗೆ ನೈಟ್ರೋಜನ್ ಅನಿಲ ತುಂಬಿ, ಒತ್ತಡದ ಮಾಪಕವನ್ನು ಗಾರೆ ಮುಗಿಯುವವರೆಗೆ ಹಾಗೆಯೇ ಬಿಟ್ಟರೆ, ಯಾರಾದರೂ ಮೊಳೆ ಹೊಡೆದರೆ ಅಂದೇ ತಿಳಿಯುತ್ತದೆ.

ಐದನೆಯದು ನಮ್ಮ ಗಂಜ್. ತಿರುವಿನಲ್ಲಿ ಬಿಚ್ಚಬಹುದಾದ ಮುಚ್ಚಳ, ಸೀಲಿಂಗಿನ ಯಂತ್ರದ ಕೆಳಗೆ ತೆರೆಯಬಹುದಾದ ಹಲಗೆ, ಅದರಡಿ ಎರಡನೆಯ ತಟ್ಟೆ, ತಟ್ಟೆ ತುಂಬಿದರೆ ಯಂತ್ರವನ್ನು ನಿಲ್ಲಿಸುವ ತೇಲುಸ್ವಿಚ್ಚು. ಗೋಡೆ ತೆರೆದಿರುವಾಗಲೇ ಅಳತೆಯ ಟೇಪನ್ನು ಒತ್ತಿಹಿಡಿದು ಎಲ್ಲ ಗೋಡೆಗಳ ಛಾಯಾಚಿತ್ರ ತೆಗೆಸಿ ಮನೆಯ ಕಾಗದಪತ್ರಗಳೊಂದಿಗೆ ಇರಿಸಿರಿ.

ಕೊನೆಯದಾಗಿ, ಯಂತ್ರ ಬದುಕುವುದು ಹತ್ತು ಹದಿನೈದು ವರ್ಷ, ಗೋಡೆ ಬದುಕುವುದು ಐವತ್ತು ವರ್ಷ. ಓಜೋನ್ ರಕ್ಷಣೆಗೆಂದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರ ಫಲವಾಗಿ ಅಮೆರಿಕದಲ್ಲಿ 2020ರ ಜನವರಿ 1ರಿಂದ ಆರ್-22 ಅನಿಲದ ತಯಾರಿಕೆಯೂ ಆಮದೂ ನಿಂತವು. 2016ರ ಕಿಗಾಲಿ ತಿದ್ದುಪಡಿಯಿಂದ ಅದರ ನಂತರ ಬಂದ ಅನಿಲಗಳೂ ಕ್ರಮೇಣ ಕಡಿಮೆಯಾಗಬೇಕಾಗಿದೆ. ಇಂದಿನ ಯಂತ್ರಕ್ಕೆ ಹೊಂದುವ ಕೊಳವೆ ನಾಳಿನದಕ್ಕೆ ಹೊಂದೀತೆಂಬ ಭರವಸೆಯಿಲ್ಲ. ಗಾರೆಯೊಳಗೆ ಬರಿಯ ಕೊಳವೆ ಹೂಳುವ ಬದಲು, ಮುಚ್ಚಳವಿರುವ ಅಗಲವಾದ ಕಾಲುವೆ ಬಿಟ್ಟರೆ ಮುಂದಿನ ಪೀಳಿಗೆ ಗೋಡೆ ಒಡೆಯಬೇಕಾಗುವುದಿಲ್ಲ.

ಹವಾನಿಯಂತ್ರಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ತಂಪಿನ ಚರಿತ್ರೆಯನ್ನೇ ಬರೆದಿದ್ದಾರೆ. ಗೋರಿಯ ಊರಿನ ಜೌಗು, ರಾಸ್‌ನ ತೊಟ್ಟಿ, ಕ್ಯಾರಿಯರನ ಸುರುಳಿ, ಫಿಲಡೆಲ್ಫಿಯಾದ ಹೋಟೆಲು ಇವನ್ನು ಒಟ್ಟಿಗಿಟ್ಟು ನೋಡಿದಾಗ ಅದು ನೀರಿನ ಚರಿತ್ರೆಯೂ ಹೌದೆಂದು ವೈದ್ಯರಾದ ನಮಗೆ ತೋರುತ್ತದೆ. ಊರಿನ ಮನೆಯ ಬಗ್ಗೆ ಮುಂದಿನ ಬಾರಿ ದೂರವಾಣಿಯಲ್ಲಿ ಮಾತನಾಡುವಾಗ ಗ್ರಾನೈಟಿನ ಬಣ್ಣ ಕೇಳುವ ಮೊದಲು, ಎ.ಸಿ.ಯ ನೀರು ಎಲ್ಲಿ ಬೀಳುತ್ತದೆಂದು ಒಮ್ಮೆ ಕೇಳಿರಿ. ಉತ್ತರ ಕೂಡಲೇ ಬಾರದಿದ್ದರೆ ಗಾರೆಯ ಕೆಲಸವನ್ನು ಒಂದು ವಾರ ತಡೆಯಿರಿ. ಆ ಒಂದು ವಾರ ತಡವಾದರೆ ಗೃಹಪ್ರವೇಶಕ್ಕೆ ಇನ್ನೊಂದು ಮುಹೂರ್ತ ಸಿಕ್ಕೀತು.